ಮೂವತ್ತು ತಾಯಿಯರು

ಬೆಳಗ್ಗೆ ಒಂಬತ್ತೂವರೆಗೆ ಲ್ಯಾಬಿನವಳು ಬೀಜದ ಕೋಣೆಗೆ ಬಂದು, ಮೇಜಿನ ಮೇಲೆ ಒಂದು ಉದ್ದನೆಯ ಕಾಗದ ಹರಡಿ, ಫ್ಯಾನಿನ ಗಾಳಿಗೆ ಹಾರದ ಹಾಗೆ ಒಂದು ತುದಿಗೆ ಸ್ಟೇಪ್ಲರನ್ನೂ ಇನ್ನೊಂದು ತುದಿಗೆ ತನ್ನ ಕನ್ನಡಕದ ಡಬ್ಬಿಯನ್ನೂ ಇಟ್ಟು, "ಒಂದ್ಸಲ ನೀವೇ ನೋಡಿ ಮೇಡಂ" ಎಂದಾಗ ಬೀಜದಮ್ಮನಿಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆ, ಹೆದರಿಕೆ ಎಲ್ಲ ಆಮೇಲೆ ಬಂದವು. ಆ ಕ್ಷಣಕ್ಕೆ ಬರೀ ಸಿಟ್ಟು, ಅದೂ ಆ ಕನ್ನಡಕದ ಡಬ್ಬಿಯ ಮೇಲೆ. ಬೇರೆಯವರ ಮೇಜಿನ ಮೇಲೆ ಹೀಗೆ ಸಾಮಾನು ಇಡುವ ಸಲಿಗೆ ಇವಳಿಗೆ ಕೊಟ್ಟವರು ಯಾರು? ಕೆಲಸಕ್ಕೆ ಸೇರಿ ಎಂಟು ತಿಂಗಳು ತುಂಬಿಲ್ಲ. ತಾನು ಈ ಮೇಜಿಗೆ ಬಂದು ಇಪ್ಪತ್ತೆರಡು ವರ್ಷ. ಸಸ್ಯೋದ್ಯಾನದಲ್ಲಿ ಗೇಟು ಕಾಯುವವನಿಂದ ಹಿಡಿದು ಎಲ್ಲರೂ ತನ್ನನ್ನು ಬೀಜದಮ್ಮ ಎನ್ನುತ್ತಾರೆ, ಎದುರಿಗೂ ಅದೇ, ಬೆನ್ನ ಹಿಂದೆಯೂ ಅದೇ. ಫ್ರೀಜರಿನಲ್ಲಿರುವ ನಾಲ್ಕು ಸಾವಿರ ಪೊಟ್ಟಣಗಳಲ್ಲಿ ಯಾವುದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇವಳು ಬಂದು ನನಗೆ ನೋಡಿ ಎನ್ನುತ್ತಾಳೆ.

ಕಾಗದದಲ್ಲಿ ಮೂವತ್ತು ಸಾಲು, ಒಂದೊಂದರಲ್ಲೂ ಬಣ್ಣಬಣ್ಣದ ಸಣ್ಣ ಪಟ್ಟಿಗಳು. ಲ್ಯಾಬಿನವಳು ಮಕ್ಕಳಿಗೆ ಗಡಿಯಾರ ನೋಡುವುದನ್ನು ಕಲಿಸುವ ಹಾಗೆ ಬೆರಳಿಟ್ಟು ಹೇಳುತ್ತಾ ಹೋದಳು. ಗುಡ್ಡದ ನೇರಳೆ ಹೂವಿನ ಬೀಜ ಒಂಬತ್ತು ವರ್ಷದ ಹಿಂದೆ ಮೂವತ್ತು ತಾಯಿಗಿಡಗಳಿಂದ ಬಂದದ್ದು ಎಂದು ರಿಜಿಸ್ಟರಿನಲ್ಲಿದೆ. ಮೂವತ್ತು ಪೊಟ್ಟಣ, ಮೂವತ್ತು ಲೇಬಲ್. ಆ ಒಂದೊಂದು ಪೊಟ್ಟಣದಿಂದ ಪಾತಿಯಲ್ಲಿ ಬೆಳೆದ ಗಿಡಗಳ ಎಲೆ ತೆಗೆದು ಡಿಎನ್‌ಎ ಓದಿಸಿದ್ದಾಳೆ. ಮೂವತ್ತು ತಾಯಿಯರ ಮಕ್ಕಳಾದರೆ ಮೂವತ್ತು ಮನೆಯ ಮುಖಗಳು ಕಾಣಬೇಕು. ಒಂದರಿಂದ ಹನ್ನೊಂದರವರೆಗೆ ಒಂದೇ ಮನೆಯವರು. ಹನ್ನೆರಡರಿಂದ ಇಪ್ಪತ್ತು ಇನ್ನೊಂದು ಮನೆ. ಉಳಿದದ್ದು ಮೂರನೆಯದು. "ತಾಯಿಯರು ಮೂವತ್ತಿಲ್ಲ ಮೇಡಂ, ಮೂರೇ ಇರೋದು" ಎಂದಳು. ಕಾಯಿ ಕಟ್ಟದೆ ಇರುವುದಕ್ಕೂ ಇದೇ ಕಾರಣ, ಈ ಹೂವು ಹತ್ತಿರದ ಬಳಗದ ಪರಾಗವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ, ಇನ್ನು ಹತ್ತು ವರ್ಷಕ್ಕೆ ಪಾತಿಗಳು ತಾವಾಗಿಯೇ ಮುಗಿದುಹೋಗುತ್ತವೆ ಎಂದೂ ಹೇಳಿದಳು. ನಾಲ್ಕು ವರ್ಷದಿಂದ ಪಾತಿಗಳಲ್ಲಿ ಹೂವು ರಾಶಿ ರಾಶಿ, ಕಾಯಿ ಮಾತ್ರ ಬೆರಳೆಣಿಕೆ. ಜೇನುಹುಳ ಸಾಲದು ಎಂದು ಡೈರೆಕ್ಟರ್ ಆರು ಪೆಟ್ಟಿಗೆ ಜೇನು ತರಿಸಿದ್ದರು. ಅದರಿಂದ ಆದದ್ದಿಷ್ಟೇ, ಡೈರೆಕ್ಟರ ಡ್ರೈವರಿನ ಕಿವಿ ಬಾತುಕೊಂಡು ಅವನು ಎರಡು ದಿನ ರಜೆ ಹಾಕಿದ. ಲ್ಯಾಬಿನವಳು ಕಾಗದ ಮಡಿಚುತ್ತಾ, ವರದಿ ನಿನ್ನೆಯೇ ಡೈರೆಕ್ಟರ ಮೇಜಿಗೆ ಹೋಗಿದೆ, ನಿಯಮ ಹಾಗಿದೆ ಎಂದಳು. ಆಮೇಲೆ ದನಿ ತಗ್ಗಿಸಿ, "ಲೇಬಲ್ ಎಲ್ಲಾ ನಿಮ್ಮ ಅಕ್ಷರ. ಅದಕ್ಕೇ ಹೇಳೋಣ ಅನ್ನಿಸ್ತು" ಎಂದಳು. ಆ ದನಿಯಲ್ಲಿ ಕನಿಕರವಿತ್ತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವಳು ಹೋದ ಮೇಲೆ ಬೀಜದಮ್ಮ ಬಾಗಿಲು ಹಾಕಿಕೊಂಡು ಕೂತಳು. ಫ್ರೀಜರು ಗುಂಯ್ ಎನ್ನುತ್ತಿತ್ತು. ನನ್ನ ಅಕ್ಷರ. ಹೌದು, ನನ್ನದೇ ಅಕ್ಷರ, ಆದರೆ ಎರಡು ಪೆನ್ನಿನಲ್ಲಿ ಬರೆದಿದ್ದೆ, ಅದನ್ನು ಯಾರೂ ಕಂಡುಹಿಡಿದಿಲ್ಲ. ಹತ್ತು ಲೇಬಲ್ ಆದ ಮೇಲೆ ನೀಲಿ ಬಿಟ್ಟು ಕಪ್ಪು ತೆಗೆದುಕೊಂಡು, ಮತ್ತೆ ನೀಲಿ ಹಿಡಿದು, ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕಡೆ ನಿಂತು ಬರೆದಂತೆ ಕಾಣಲಿ ಎಂದು. ಅಷ್ಟನ್ನು ಮಾಡು ಎಂದು ಯಾರೂ ಹೇಳಿರಲಿಲ್ಲ. ಈಗಿನ ಡೈರೆಕ್ಟರ್ ಆಗ ಸಂಗ್ರಹದ ಅಧಿಕಾರಿ, ಜೀಪನ್ನು ತಾನೇ ಓಡಿಸಿಕೊಂಡು ಬಂದಿದ್ದ. ಗುಡ್ಡದ ಆ ಮೈಯಲ್ಲಿ ಇನ್ನೂರರ ಮೇಲೆ ಗಿಡಗಳಿದ್ದವು, ಬಂಡೆಯ ಬಿರುಕಿನಲ್ಲಿ ಬೇರಿಟ್ಟು ಗೇಣುದ್ದ ಬೆಳೆಯುವಂಥವು, ಹೂವು ನಸುನೇರಳೆ, ಗಂಟಲಲ್ಲಿ ಕಂದು ಚುಕ್ಕೆ. ಆ ಒಂದು ಗುಡ್ಡ ಬಿಟ್ಟರೆ ಬೇರೆಲ್ಲೂ ಇಲ್ಲದ ಗಿಡ. ಇಳಿಜಾರೆಲ್ಲ ಸುತ್ತಿ ದೂರದೂರದ ಮೂವತ್ತು ಗಿಡಗಳಿಂದ ಕಾಯಿ ಬಿಡಿಸಬೇಕಿತ್ತು. ಬಿಸಿಲು ನೆತ್ತಿಗೇರಿತ್ತು. ದಾರಿಯ ಅಂಚಿನಲ್ಲೇ ಮೂರು ಗಿಡ ಕಾಯಿ ತುಂಬಿಕೊಂಡು ನಿಂತಿದ್ದವು. ಅವನಿಗೆ ಸಂಜೆಯೊಳಗೆ ಊರು ಸೇರಬೇಕಿತ್ತು. "ಒಂದೇ ಗುಡ್ಡ, ಒಂದೇ ಹೂವು. ಬೀಜ ನೋಡಿ ತಾಯಿ ಯಾರು ಅಂತ ಹೇಳೋರು ಯಾರಿದ್ದಾರೆ, ಬರಿ ನೀನು" ಎಂದ. ಹೇಳುವವರು ಆಗ ಇರಲಿಲ್ಲ, ಡಿಎನ್‌ಎ ಓದುವ ಯಂತ್ರ ಉದ್ಯಾನಕ್ಕೆ ಬಂದದ್ದು ಕಳೆದ ವರ್ಷ. ಅವಳು ನಕ್ಕಿದ್ದಳು. ಒಂಬತ್ತು ವರ್ಷದಿಂದ ಅವಳಿಗೆ ನುಂಗಲಾಗದೆ ಇರುವುದು ಆ ನಗು. ಲೇಬಲ್ಲಲ್ಲ, ಬೀಜವಲ್ಲ, ಜೀಪಿನ ಮುಂದಿನ ಸೀಟಿನಲ್ಲಿ ಕಾಲು ಮಡಿಚಿ ಕೂತು, ಅವನ ಫ್ಲಾಸ್ಕಿನ ಮುಚ್ಚಳದಲ್ಲಿ ಅವನು ಕುಡಿದು ಕೊಟ್ಟ ಚಹಾವನ್ನೇ ಕುಡಿಯುತ್ತಾ, ಹುಡುಗಿಯ ಹಾಗೆ ನಕ್ಕದ್ದು. ಮೂವತ್ತೊಂಬತ್ತು ವರ್ಷ ಆಗ. ಆಫೀಸಿನಲ್ಲಿ ಎಲ್ಲರೂ ನೀವು ಎನ್ನುತ್ತಿದ್ದರು, ಅವನೊಬ್ಬ ನೀನು ಎಂದಿದ್ದ. ಒಂದೊಂದು ಲೇಬಲ್ಲಿಗೂ ಜಾಗ ಕಟ್ಟಿ ಬರೆದಳು, ಆನೆಬಂಡೆಯ ಪೂರ್ವಕ್ಕೆ, ಒಣಮರದಿಂದ ಇಪ್ಪತ್ತು ಹೆಜ್ಜೆ, ಝರಿಯ ಎಡಕ್ಕೆ. ಅಲ್ಲಿ ಝರಿಯೇ ಇರಲಿಲ್ಲ. ಅವನು ಓದಿ, ಭೇಷ್, ನೀನು ಕತೆ ಬರೀಬೇಕು ಎಂದಿದ್ದ, ಆ ಮಾತನ್ನು ಅವಳು ಒಂದು ವಾರ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದ್ದಳು.

ಮೂರು ವರ್ಷ ಕಳೆದ ಮೇಲೆ ಗೊತ್ತಾಯಿತು, ಆ ಕತೆ ಎಲ್ಲಿಗೆ ಹೋಯಿತು ಎಂದು. ಕಲ್ಲು ಕಂಪನಿಯವರು ಗುಡ್ಡದ ಅರ್ಧವನ್ನು ಕೇಳಿದರು, ಗಣಿಗೆ ಒಪ್ಪಿಗೆ ಕೊಡುವ ಕಮಿಟಿಯವರು ಹೂವಿನ ಗತಿ ಏನು ಎಂದರು, ಉದ್ಯಾನ ಒಂದು ಸಾಲು ಬರೆದುಕೊಟ್ಟಿತು: ಮೂವತ್ತು ತಾಯಿಗಿಡಗಳ ಸಂತತಿ ನಮ್ಮಲ್ಲಿ ಸುರಕ್ಷಿತವಾಗಿದೆ. ಗುಡ್ಡ ಅರ್ಧ ಹೋಯಿತು. ಅವಳು ಒಂದು ಭಾನುವಾರ ಬಸ್ಸು ಹಿಡಿದು ಹೋಗಿ ನೋಡಿ ಬಂದಿದ್ದಳು. ಆ ಮೈ ಪೂರ್ತಿ ಬೆಳ್ಳಗೆ, ಸಿಪ್ಪೆ ಸುಲಿದ ಹಾಗೆ. ದಾರಿಯ ಅಂಚು ಯಾವುದು, ಆ ಮೂರು ಗಿಡ ನಿಂತಿದ್ದದ್ದು ಎಲ್ಲಿ ಎಂದು ಕೂಡ ಗುರುತು ಸಿಗಲಿಲ್ಲ. ಲಾರಿಯ ಧೂಳು ಹಲ್ಲಿಗೆ ಸಿಕ್ಕಿ ಕರಕರ ಎಂದಿತ್ತು. ವಾಪಸು ಬಂದವಳು ಸೋಮವಾರ ಇಡೀ ದಿನ ಫ್ರೀಜರು ತೊಳೆದಿದ್ದಳು, ಯಾರಿಗೂ ಏನೂ ಹೇಳಿರಲಿಲ್ಲ. ಹೇಳದೆ ಇರುವುದೂ ಒಂದು ಅಭ್ಯಾಸವಾಗುತ್ತದೆ, ದಿನಾ ಅದೇ ಹೊತ್ತಿಗೆ ಅದೇ ಕೊಡೆ ಹಿಡಿದು ಹೊರಡುವ ಹಾಗೆ. ಆ ವರ್ಷವೇ ಅವನು ಡೈರೆಕ್ಟರ್ ಆದ. ಆದ ದಿನದಿಂದ ನೀನು ಹೋಗಿ ನೀವು ಬಂತು. ಇವತ್ತು ಮೂರು ಗಂಟೆಗೆ ಅದೇ ಕಮಿಟಿ ಮತ್ತೆ ಸೇರುತ್ತದೆ, ಗುಡ್ಡದ ಉಳಿದ ಅರ್ಧದ ವಿಷಯಕ್ಕೆ.

ಹನ್ನೊಂದಕ್ಕೆ ಕರೆ ಬಂತು. ಡೈರೆಕ್ಟರ ಕೋಣೆಯಲ್ಲಿ ಕಲ್ಲು ಕಂಪನಿಯ ಮ್ಯಾನೇಜರು ಕೂತು ಚಹಾ ಕುಡಿಯುತ್ತಿದ್ದ. ಎರಡನೆಯ ಕುರ್ಚಿಯ ಮೇಲೆ ಅವನ ಬ್ಯಾಗು ಕೂತಿತ್ತು. ಅವಳಿಗೆ ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಮ್ಯಾನೇಜರು ಬಹಳ ಮರ್ಯಾದಸ್ಥ, ತನ್ನ ಹೆಂಡತಿಗೆ ಈ ಹೂವೆಂದರೆ ಪ್ರಾಣ, ಕಂಪನಿಯ ಕ್ಯಾಲೆಂಡರಿನಲ್ಲೂ ಅದೇ ಚಿತ್ರ ಹಾಕಿಸಿದ್ದೇವೆ ಎಂದು ಅವಳಿಗೆ ತಿಳಿಸಿದ. ಡೈರೆಕ್ಟರ್ ಟೈಪು ಮಾಡಿಸಿದ ಒಂದು ಹಾಳೆಯನ್ನು ಅವಳ ಕಡೆ ತಳ್ಳಿದ. ನಿಂತೇ ಓದಿದಳು. ಬಿತ್ತನೆಯ ಸಮಯದಲ್ಲಿ ನನ್ನ ನಿರ್ಲಕ್ಷ್ಯದಿಂದ ಮೂರು ಪೊಟ್ಟಣಗಳ ಬೀಜವೇ ಎಲ್ಲ ಪಾತಿಗಳಿಗೂ ಹೋಗಿರುತ್ತದೆ. ಉಳಿದ ಇಪ್ಪತ್ತೇಳು ತಾಯಿಗಿಡಗಳ ಬೀಜವು ಶೀತಲ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿರುತ್ತದೆ. ಸದರಿ ತಪ್ಪಿಗೆ ನಾನೇ ಹೊಣೆಗಾರಳಾಗಿರುತ್ತೇನೆ. ಎರಡು ಸಲ ಓದಿದ ಮೇಲೆ ಅದರ ಜಾಣತನ ಅವಳಿಗೆ ಹೊಳೆಯಿತು. ತಪ್ಪೊಪ್ಪಿಗೆಯ ವೇಷದ ಸುಳ್ಳು ಅದು. ತಪ್ಪು ಅವಳದು, ಅದೂ ಸಣ್ಣದು, ಕೈತಪ್ಪು. ಇಪ್ಪತ್ತೇಳು ತಾಯಿಯರು ಮಾತ್ರ ಫ್ರೀಜರಿನೊಳಗೆ ಜೀವಂತ. ಹಾಗಾಗಿ ಗುಡ್ಡದ ಉಳಿದ ಅರ್ಧಕ್ಕೂ ಅಡ್ಡಿಯಿಲ್ಲ. "ಒಂದು ವಾರ್ನಿಂಗ್ ಅಷ್ಟೇ, ಅದೂ ಫೈಲಿನೊಳಗೇ ಇರುತ್ತೆ. ನೀವೇನೂ ತಲೆ ಕೆಡಿಸ್ಕೋಬೇಡಿ" ಎಂದ ಡೈರೆಕ್ಟರ್, ಗಡಿಯಾರ ನೋಡುತ್ತಾ. ಅವನ ಕೂದಲಿಗೆ ಬಣ್ಣ ಹಚ್ಚಿದ್ದು ಕಿವಿಯ ಹಿಂದೆ ಚರ್ಮಕ್ಕೂ ಹತ್ತಿತ್ತು. ಇದಕ್ಕಾ, ಈ ಕಿವಿಗಾ ನಾನು ನಕ್ಕಿದ್ದು ಎಂದುಕೊಂಡಳು. ಬಾಯಿಂದ ಬಂದದ್ದು ಬೇರೆ: ಮಧ್ಯಾಹ್ನ ಬಂದು ಕೊಡ್ತೀನಿ ಸರ್. ಆ ಸರ್ ಎನ್ನುವುದು ತಾನಾಗಿಯೇ ಬಂತು, ಕರೆಯದೆ ಬಂತು, ಕಾರಿಡಾರಿನುದ್ದಕ್ಕೂ ಅವಳ ನಾಲಿಗೆಗೆ ಅಂಟಿಕೊಂಡಿತ್ತು.

ಮನೆ ಹತ್ತು ನಿಮಿಷದ ದಾರಿ. ತಂಗಿ ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅಕ್ಕನ ಜೊತೆಗೇ ಇದ್ದಾಳೆ. ಈ ಹೊತ್ತಿನಲ್ಲಿ ಯಾಕೆ ಬಂದೆ ಎಂದು ಕೇಳಲಿಲ್ಲ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ತಟ್ಟೆ ಇಟ್ಟು ಬಡಿಸಿದಳು. ಬೀಜದಮ್ಮ ಮೊದಲ ಸಲ ಎಲ್ಲವನ್ನೂ ಹೇಳಿದಳು, ಪೆನ್ನು ಬದಲಿಸಿದ್ದನ್ನೂ ಸೇರಿಸಿ. ನಗುವಿನ ವಿಷಯ ಮಾತ್ರ ಹೇಳಲಿಲ್ಲ. ತಂಗಿ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಸಹಿ ಮಾಡಿ ಬಾ ಎಂದಳು. ಹೇಗೂ ತಪ್ಪು ಮಾಡಿದ್ದೀಯ, ಯಾವುದೋ ಒಂದು ತಪ್ಪಿಗೆ ಸಹಿ ಬಿತ್ತು ಎಂದುಕೋ. ಅವರು ಬರೆದದ್ದು ನೀನು ಮಾಡಿದ್ದಕ್ಕಿಂತ ಚಿಕ್ಕದೇ ಇದೆಯಲ್ಲ, ನಿನಗೇ ಲಾಭ. ಒಂದು ಹೂವಿಗೋಸ್ಕರ ಈ ವಯಸ್ಸಿನಲ್ಲಿ ನಾಲ್ಕು ಜನರೆದುರು ಮುಖ ಮುಚ್ಚಿಕೊಂಡು ತಿರುಗಬೇಡ. ಇಷ್ಟು ಹೇಳಿ ಮಷೀನಿನ ಮುಂದೆ ಕೂತವಳು, ಕಾಲು ಮೆಟ್ಟುವ ಮೊದಲು ತಿರುಗಿ ನೋಡಿದಳು. "ಅಕ್ಕಾ, ಅಧಿಕಾರಿ ಹೇಳಿದ ಅಂತ ಬರೆದೆಯಾ, ಅವನು ಹೇಳಿದ ಅಂತ ಬರೆದೆಯಾ?"

ಅವಳು ತಟ್ಟೆಯನ್ನು ಹಾಗೇ ಬಿಟ್ಟು ಎದ್ದಳು. ಕೈ ತೊಳೆಯುವಾಗ ನಲ್ಲಿಯನ್ನು ತಿರುಗಿಸಿದ ರಭಸಕ್ಕೆ ನೀರು ಎದೆಗೆಲ್ಲ ಹಾರಿತು. ಇವಳಿಗೆ ಗೊತ್ತಿತ್ತು, ಒಂಬತ್ತು ವರ್ಷದಿಂದ ಗೊತ್ತಿತ್ತು. ಆ ವಾರ ತಾನು ಕನ್ನಡಿಯ ಮುಂದೆ ನಿಂತದ್ದು, ಹೊಸ ಚಪ್ಪಲಿ ತಂದದ್ದು, ಎಲ್ಲ ನೋಡಿಯೂ ಸುಮ್ಮನಿದ್ದಳು. ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ಎಲ್ಲರೂ ಬಾಯಿ ಮುಚ್ಚಿಕೊಂಡು ಮರ್ಯಾದೆ ಕಾಯುತ್ತಿರುತ್ತಾರೆ, ಆ ಮರ್ಯಾದೆಯ ಒಳಗೆ ಒಂದು ಗುಡ್ಡ ಅರ್ಧ ಮಾಯವಾಗುತ್ತದೆ. ರಸ್ತೆಯಲ್ಲಿ ನಡೆಯುತ್ತಾ ಸಿಟ್ಟು ಯಾರ ಮೇಲೆ ಎಂದೇ ತಿಳಿಯಲಿಲ್ಲ. ತಂಗಿಯ ಮೇಲೆ, ಲ್ಯಾಬಿನವಳ ಕನಿಕರದ ಮೇಲೆ, ಬ್ಯಾಗಿಗೆ ಕುರ್ಚಿ ಕೊಟ್ಟವನ ಮೇಲೆ, ಎದುರಿಗೆ ಬಂದು ದಾರಿ ಬಿಡದ ಸೈಕಲ್ಲಿನವನ ಮೇಲೆ. ಸ್ವಂತ ಬಳಗದ ಪರಾಗವನ್ನು ಒಲ್ಲೆ ಎನ್ನುವ ಆ ಹೂವಿನ ಮೇಲೂ ಬಂತು. ಅದಕ್ಕೆ ಅಷ್ಟು ನಿಯತ್ತು ಯಾಕೆ? ಸಿಕ್ಕಿದ್ದರಲ್ಲಿ ಕಾಯಿ ಕಟ್ಟಿಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಪ್ರತಿ ವರ್ಷ ಬಿಡುವಷ್ಟು ಹೂವು ಬಿಟ್ಟು, ಕಾಯಿ ಕೊಡದೆ, ನೀನು ಸುಳ್ಳು ಬರೆದೆ, ನೀನು ಸುಳ್ಳು ಬರೆದೆ ಎಂದು ಪಾತಿಯ ತುಂಬ ನಿಂತು ಹೇಳುತ್ತಿತ್ತು. ಅವಳು ದಿನಾ ಬೆಳಗ್ಗೆ ಅದಕ್ಕೆ ನೀರು ಬಿಟ್ಟು ಮುಂದೆ ಹೋಗುತ್ತಿದ್ದಳು.

ಮೂರಕ್ಕೆ ಮೀಟಿಂಗ್ ಕೋಣೆಯಲ್ಲಿ ಕಮಿಟಿಯ ಮೂವರು, ಡೈರೆಕ್ಟರ್, ಮ್ಯಾನೇಜರು, ಒಬ್ಬ ಗುಮಾಸ್ತ, ಗೋಡೆಗೆ ಒರಗಿ ಲ್ಯಾಬಿನವಳು. ಕಮಿಟಿಯ ಹಿರಿಯರು ನಿವೃತ್ತ ಪ್ರೊಫೆಸರು, ಕಾಗದವನ್ನು ಬಿಡದೆ ಓದುವ ಮನುಷ್ಯ. ಡೈರೆಕ್ಟರ್ ಎದ್ದು, ಲ್ಯಾಬಿನ ವರದಿಯಿಂದ ಗಾಬರಿಯಾಗುವುದು ಬೇಡ, ಬಿತ್ತುವಾಗ ಸಣ್ಣ ಎಡವಟ್ಟಾಗಿದೆ, ಸಂಬಂಧಪಟ್ಟ ನೌಕರರೇ ಬರೆದುಕೊಟ್ಟಿದ್ದಾರೆ ಎಂದು ಅವಳ ಕಡೆ ಕೈ ಚಾಚಿದ. ಹಾಳೆ ಅವಳ ಕೈಯಲ್ಲೇ ಇತ್ತು, ಸಹಿಯಿಲ್ಲದೆ. ಅದನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಎಲ್ಲಿಗೋ ಹೋಯಿತು.

"ಫ್ರೀಜರಿನಲ್ಲಿ ಇಪ್ಪತ್ತೇಳು ತಾಯಿಯರಿಲ್ಲ. ಯಾವತ್ತೂ ಇರಲಿಲ್ಲ. ದಾರಿ ಪಕ್ಕದ ಮೂರು ಗಿಡದಿಂದ ಕಾಯಿ ಬಿಡಿಸಿ ಮೂವತ್ತು ಪೊಟ್ಟಣ ಮಾಡಿದ್ವಿ. ಜೀಪಿನಲ್ಲಿ ಕೂತು ಮೂವತ್ತು ಲೇಬಲ್ ಬರೆದೋಳು ನಾನು. ಬರಿ ಅಂದೋರು ಇವರು."

ಡೈರೆಕ್ಟರ್ ನಕ್ಕ, ತಲೆ ಅಲ್ಲಾಡಿಸಿದ, ಮೇಡಂ ಇತ್ತೀಚೆಗೆ ಸ್ವಲ್ಪ ಒತ್ತಡದಲ್ಲಿದ್ದಾರೆ ಎಂದ. ಪ್ರೊಫೆಸರು ಅವನ ಕಡೆ ನೋಡಲಿಲ್ಲ. ರಿಜಿಸ್ಟರು ತರಿಸಿಕೊಂಡು, ಝರಿಯ ಎಡಕ್ಕೆ ಎಂದಿರುವ ಸಾಲಿನ ಮೇಲೆ ಬೆರಳಿಟ್ಟು, ಈ ಝರಿ ಎಲ್ಲಿದೆ ಎಂದು ಕೇಳಿದರು. ಇಲ್ಲ ಎಂದಳು. ಒಣಮರ? ಅದೂ ಇಲ್ಲ. ಹಾಗಾದರೆ ಮೊದಲನೆಯ ಅರ್ಧಕ್ಕೆ ನಾವು ಒಪ್ಪಿಗೆ ಕೊಟ್ಟದ್ದೂ ಇದನ್ನೇ ನಂಬಿ, ಅಲ್ಲವೇ ಎಂದರು. ಅವಳು ಹೌದು ಎಂದಳು. ಮುದುಕರು ಕನ್ನಡಕ ತೆಗೆದು, ಒರೆಸದೆ, ಹಾಗೇ ಹಿಡಿದುಕೊಂಡು ಕೂತರು. "ಆರು ವರ್ಷ ಯಾಕೆ ಸುಮ್ಮನಿದ್ರಿ? ಇವತ್ತು ಯಾಕೆ ಹೇಳ್ತಿದ್ದೀರಿ?" ಬೇಕಾದರೆ ಅವಳು ಒಂದು ಉತ್ತರ ಕಟ್ಟಬಹುದಿತ್ತು, ಕಟ್ಟುವುದು ಅವಳಿಗೆ ಬರುತ್ತಿತ್ತು. ಸಿಟ್ಟು ಬಂತು, ಅದಕ್ಕೆ ಹೇಳಿದೆ ಎಂದಳು. ಅದು ಕಮಿಟಿಯ ನಡಾವಳಿಯಲ್ಲಿ ಬರೆದುಕೊಳ್ಳುವಂಥ ಮಾತಾಗಿರಲಿಲ್ಲ, ಬರೆದುಕೊಳ್ಳುತ್ತಿದ್ದ ಗುಮಾಸ್ತ ಪೆನ್ನು ಎತ್ತಿ ಪ್ರೊಫೆಸರ ಮುಖ ನೋಡಿದ.

ಹೊರಗೆ ಕಾರಿಡಾರಿನಲ್ಲಿ ಡೈರೆಕ್ಟರ್ ಅವಳ ಹಿಂದೆಯೇ ಬಂದ. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಹತ್ತಿರ ಬಂದು, ಮೆಲ್ಲಗೆ, "ನಿನ್ನನ್ನ ನಾನು ನಂಬಿದ್ದೆ" ಎಂದ. ಆರು ವರ್ಷದ ಮೇಲೆ ಆ ನೀನು ಮತ್ತೆ ಬಂತು. ಅವಳಿಗೆ ಮೈಯೆಲ್ಲ ಉರಿದದ್ದು ಅವನು ಹಾಗೆಂದದ್ದಕ್ಕಲ್ಲ. ಎದೆಯೊಳಗೆ ಎಲ್ಲೋ ಒಂದು ನರ ಅದನ್ನು ಕೇಳಿ ಈಗಲೂ ಓಗೊಟ್ಟದ್ದಕ್ಕೆ. ಅವಳು ಬೀಜದ ಕೋಣೆಗೆ ಹೋಗಿ ಕೊಡೆ ತೆಗೆದುಕೊಂಡಳು.

ಅಂದುಕೊಂಡ ಹಾಗೆ ಯಾವುದೂ ಆಗಲಿಲ್ಲ. ಗುಡ್ಡದ ಉಳಿದ ಅರ್ಧಕ್ಕೆ ಕಮಿಟಿ ಒಂದು ವರ್ಷದ ತಡೆ ಹಾಕಿತು, ಅದರೊಳಗೆ ಅಲ್ಲಿನ ಪ್ರತಿ ಗಿಡದ ಬೀಜ ಬೇರೆ ಬೇರೆಯಾಗಿ ಸಂಗ್ರಹವಾಗಬೇಕು ಎಂದು ಬರೆಯಿತು. ಡೈರೆಕ್ಟರ ಮೇಲೆ ವಿಚಾರಣೆ ನಡೆಯುತ್ತಿದೆ ಎಂದರು, ಅವನು ಅದೇ ಕೋಣೆಯಲ್ಲಿ ಅದೇ ಕುರ್ಚಿಯಲ್ಲಿ ಕೂತು ನಡೆಸಿಕೊಳ್ಳುತ್ತಿದ್ದ. ಅವಳನ್ನು ಮರುದಿನವೇ ಕೆಲಸದಿಂದ ಅಮಾನತು ಮಾಡಿದರು. ಅದಕ್ಕೆ ಅವಳು ಸಿದ್ಧಳಿದ್ದಳು. ಸಿದ್ಧಳಿಲ್ಲದೆ ಇದ್ದದ್ದು ಮೂರನೆಯ ವಾರ ಬಂದ ಕಾಗದಕ್ಕೆ: ಸದರಿ ನೌಕರಳು ಲೇಬಲ್ ಬರೆದ ಎಲ್ಲ ಪೊಟ್ಟಣಗಳನ್ನೂ ನಂಬಲರ್ಹವಲ್ಲವೆಂದು ಪರಿಗಣಿಸಿ ಪ್ರತ್ಯೇಕಿಸಲಾಗಿದೆ. ನಾಲ್ಕು ಸಾವಿರದಲ್ಲಿ ಮೂರು ಸಾವಿರದ ಚಿಲ್ಲರೆ ಅವಳ ಅಕ್ಷರದವು. ಜೌಗಿನಲ್ಲಿ ಮೊಣಕಾಲುದ್ದ ಹೂತು ತಂದವು, ಜ್ವರದಲ್ಲಿ ಕೂತು ಒಣಗಿಸಿದವು, ಒಂದೊಂದು ಕಾಳನ್ನೂ ಚಿಮಟದಲ್ಲಿ ಎತ್ತಿ ಎಣಿಸಿದವು. ಅವುಗಳಲ್ಲಿ ಒಂದಕ್ಕೂ ಅವಳು ಸುಳ್ಳು ಬರೆದಿರಲಿಲ್ಲ. ಹಾಗೆಂದು ಹೇಳುವುದಾದರೂ ಯಾರಿಗೆ, ಯಾವ ಬಾಯಲ್ಲಿ? ಕಾಗದ ಓದಿದ ದಿನ ಅವಳು ತಂಗಿಯ ಕತ್ತರಿ ತೆಗೆದುಕೊಂಡು ಕೆಲಸಕ್ಕೆ ಬಾರದ ಬಟ್ಟೆಯನ್ನು ಸುಮ್ಮನೆ ಕತ್ತರಿಸುತ್ತಾ ಕೂತಳು. ತಂಗಿ ನೋಡಿ, ಇನ್ನೊಂದು ತುಂಡು ತಂದು ಪಕ್ಕದಲ್ಲಿಟ್ಟು ಹೋದಳು.

ಕಾಯಿ ಬಲಿಯುವ ಕಾಲಕ್ಕೆ ಲ್ಯಾಬಿನವಳು ಮನೆ ಹುಡುಕಿಕೊಂಡು ಬಂದಳು. ಹೂವಿಲ್ಲದಾಗ ಆ ಗಿಡವನ್ನು ಹುಲ್ಲಿನ ನಡುವೆ ಗುರುತಿಸುವವರು ಯಾರೂ ಇಲ್ಲ, ಆಫೀಸಿನ ಲೆಕ್ಕದಲ್ಲಿ ಅಲ್ಲ, ಸುಮ್ಮನೆ ಜೊತೆಗೆ ಬರುತ್ತೀರಾ ಎಂದು ಕೇಳಿದಳು. ಬರುವುದಿಲ್ಲ ಎಂದು ಎರಡು ದಿನ ಹೇಳಿ ಮೂರನೆಯ ದಿನ ಹೋದಳು. ಗುಡ್ಡದ ಒಂದು ಮೈ ಬೆಳ್ಳಗೆ ಕೊಯ್ದುಹೋಗಿತ್ತು. ಈ ಮೈಯಲ್ಲಿ ಗಾಳಿ, ಹುಲ್ಲು, ಕೆಂಪು ಪಾಚಿ ಹಿಡಿದ ಬಂಡೆ. ಮೇಲೆ ಬಂಡೆಗೆ ಹಗ್ಗ ಸುತ್ತಿ, ಬೀಜದಮ್ಮ ಸೊಂಟಕ್ಕೆ ಕಟ್ಟಿಕೊಂಡು ಇಳಿದಳು. ಲೇಬಲ್ ಬರೆಯುವವಳು ಲ್ಯಾಬಿನವಳು. ಅದನ್ನು ಇಬ್ಬರೂ ಮಾತಾಡಿಕೊಂಡಿರಲಿಲ್ಲ, ಪೆನ್ನು ಮೊದಲಿನಿಂದ ಅವಳ ಕೈಯಲ್ಲೇ ಇತ್ತು. ಇವಳು ಕೆಳಗಿನಿಂದ ಕೂಗಿ ಹೇಳುತ್ತಿದ್ದಳು, ಅವಳು ಮೇಲೆ ಬರೆದುಕೊಳ್ಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಗಿಡವಾಯಿತು. ಇಪ್ಪತ್ತೇಳನೆಯದು ಬಂಡೆಯ ಚಾಚಿನ ಕೆಳಗೆ, ಇಪ್ಪತ್ತಾರನೆಯದಕ್ಕೆ ತೀರಾ ಹತ್ತಿರ. ಬೇರೆ ಗಿಡ ಎಂದು ಕೂಗಿದಳು.

"ಮೇಡಂ, ಬುಡ ಬೇರೇನಾ? ಹಿಂದಿನ ಗಿಡದ್ದೇ ಕೊಂಬೆ ಅಲ್ಲ ತಾನೇ?"

ಯಾರನ್ನಾದರೂ ಕೇಳಬೇಕಾದ ಪ್ರಶ್ನೆಯೇ. ಇಪ್ಪತ್ತಾರು ಸಲ ಕೇಳದೆ ಈಗ ಕೇಳಿದ್ದೂ ಸರಿಯೇ, ಇದು ಅನುಮಾನ ಬರುವಂಥ ಜಾಗ. ಆದರೂ ಅವಳಿಗೆ ಸಿಟ್ಟು ಬಂತು, ಅವತ್ತು ಬೆಳಗ್ಗೆ ಕನ್ನಡಕದ ಡಬ್ಬಿಯ ಮೇಲೆ ಬಂದದ್ದಕ್ಕಿಂತ ಹತ್ತು ಪಾಲು ದೊಡ್ಡದು, ಇದನ್ನು ಹೊರಿಸಲು ಯಾರ ತಲೆಯೂ ಇರಲಿಲ್ಲ. ಇನ್ನು ಬದುಕಿರುವಷ್ಟು ದಿನ ಯಾರಾದರೂ ಹೀಗೇ ಕೇಳುತ್ತಿರುತ್ತಾರೆ. ತಾನು ಇಂದು ಮಂಗಳವಾರ ಎಂದರೂ ಎದ್ದು ಹೋಗಿ ಕ್ಯಾಲೆಂಡರು ನೋಡಿ ಬರುತ್ತಾರೆ. ಅವಳು ಬೆರಳಿನಿಂದ ಮಣ್ಣು ಕೆರೆದಳು. ಬೇರು ಬೇರೆಯೇ ಬಿರುಕಿಗೆ ಇಳಿದಿತ್ತು. ಹೌದು ಎನ್ನಲು ಬಾಯಿ ತೆರೆದವಳು ಹಗ್ಗ ಹಿಡಿದು ಮೇಲೆ ಹತ್ತಿ ಬಂದಳು, ಏದುಸಿರು ಬಿಡುತ್ತಾ ಸೊಂಟದ ಗಂಟು ಬಿಚ್ಚಿ ಹಗ್ಗವನ್ನು ಲ್ಯಾಬಿನವಳ ಮುಂದೆ ಹಿಡಿದಳು. ಅವಳ ಮುಖ ಕೆಂಪಾಯಿತು. ಪರವಾಗಿಲ್ಲ ಮೇಡಂ, ನಂಬ್ತೀನಿ ಎಂದಳು.

"ನಂಬಬೇಡಿ. ಇಳಿದು ನೋಡಿ."

ಲ್ಯಾಬಿನವಳು ಒಂದು ಕ್ಷಣ ಅವಳ ಮುಖ ನೋಡಿ, ಪೆನ್ನನ್ನೂ ಲೇಬಲ್ಲುಗಳನ್ನೂ ಹುಲ್ಲಿನ ಮೇಲೆ ಬಿಟ್ಟು ಹಗ್ಗ ಕಟ್ಟಿಕೊಂಡಳು. ಬೀಜದಮ್ಮ ಬಂಡೆಗೆ ಕಾಲು ಕೊಟ್ಟು ಕೂತು ಹಗ್ಗವನ್ನು ಎರಡೂ ಕೈಯಲ್ಲಿ ಸುತ್ತಿ ಹಿಡಿದು, ಗೇಣು ಗೇಣಾಗಿ ಬಿಟ್ಟಳು. ಭಾರ ಪೂರ್ತಿ ಬಿದ್ದಾಗ ಅಂಗೈ ಉರಿಯಿತು. ಕೆಳಗೆ ಮಣ್ಣು ಉದುರುವ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಚೆನ್ನಾಗಿ ನೋಡಲಿ ಎಂದುಕೊಂಡಳು. ಕೊನೆಗೆ ದನಿ ಬಂತು: ಬುಡ ಬೇರೆಯೇ ಇದೆ ಮೇಡಂ, ಬೇರೆ ಗಿಡವೇ, ಇಪ್ಪತ್ತೇಳು ಅಂತ ಬರ್ಕೊಳ್ಳಿ. ಪೆನ್ನು ಅವಳ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು.

"ಮೇಲೆ ಬಂದು ನೀವೇ ಬರೀರಿ," ಎಂದು ಕೂಗಿದಳು. "ನನ್ನ ಕೈ ಖಾಲಿ ಇಲ್ಲ."